ಪೌಡರಕ್ಕ ಕಟ್ ಅಂದ ದಿನ

ಪೌಡರಕ್ಕನ ಸ್ವಂತ ಮುಖಕ್ಕೆ ಪೌಡರು ತಾಗಿದ್ದನ್ನು ಕಂಡವರು ಯಾರೂ ಇಲ್ಲ. ಊರವರ ಮುಖಕ್ಕೆಲ್ಲ ಬಣ್ಣ ಬಳಿಯುವ ಹೆಂಗಸು ತನ್ನ ಮುಖಕ್ಕೆ ಮಾತ್ರ ತಣ್ಣೀರು ಬಿಟ್ಟು ಇನ್ನೇನನ್ನೂ ತೋರಿಸಿದವಳಲ್ಲ. ಯಾಕಕ್ಕಾ ಎಂದು ಯಾರಾದರೂ ಕೇಳಿದರೆ, "ಅಡುಗೆ ಮಾಡೋರಿಗೆ ಹಸಿವಿರಲ್ಲ ಕಣ್ರೀ, ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬಾಯಿ ಅಂದರೆ ಬಾಯಿ! ನಾಯಕಿಯಾದರೇನು, ನಾಯಕಿಯ ತಾಯಿಯಾದರೇನು, ಅವಳ ಕುರ್ಚಿಯಲ್ಲಿ ಕೂತ ಮೇಲೆ ಗದ್ದ ಎತ್ತಿ ಅಂದರೆ ಎತ್ತಬೇಕು, ಉಸಿರು ಹಿಡೀರಿ ಅಂದರೆ ಹಿಡಿಯಬೇಕು.

ಅವಳ ಅಮ್ಮ ರಂಗಮಂದಿರವೊಂದರಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವಳು. ಹೊಲಿಗೆ ಯಂತ್ರದ ಪಕ್ಕದಲ್ಲೇ ಆಡಿ ಬೆಳೆದ ಮಗಳು ಸೂಜಿ ಹಿಡಿಯದೆ ಕುಂಚ ಹಿಡಿದಳು. ರಂಗಮಂದಿರ ಮುಚ್ಚಿ ಗೋದಾಮಾದ ಮೇಲೆ ಜಾಹೀರಾತು, ಧಾರಾವಾಹಿ, ಕಿರುಚಿತ್ರ ಎಂದು ಕರೆದಲ್ಲಿಗೆ ಹೋದಳು. ಮದುವೆ ಆಗಿತ್ತು, ಮುಗಿದೂ ಹೋಗಿತ್ತು. ಆ ಕತೆ ಕೇಳಿದರೆ ಉಗಿಸಿಕೊಳ್ಳುತ್ತೀರಿ. ಈಗ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಮ್ಮ, ಮಗಳು ಮತ್ತು ಬಣ್ಣದ ಪೆಟ್ಟಿಗೆ.

ಅವಳ ಕೈಚಳಕವೆಲ್ಲ ಗಾಯದಲ್ಲಿತ್ತು. ಅಂದ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ, ಗಾಯ ಮಾಡುವವರು ಸಿಗುವುದಿಲ್ಲ. ಮೇಣ ಕರಗಿಸಿ ಹುಬ್ಬಿನ ಮೇಲೆ ಹಚ್ಚಿ, ಚಾಕುವಿನ ಹಿಂಬದಿಯಿಂದ ಸೀಳಿ, ಒಳಗೆ ಕೆಂಪು ತುಂಬಿದಳೆಂದರೆ ನೋಡಿದವರ ಹೊಟ್ಟೆ ತೊಳೆಸಬೇಕು. ಅವಳ ರಕ್ತ ಮನೆಯ ಒಲೆಯ ಮೇಲೆಯೇ ತಯಾರಾಗುತ್ತಿತ್ತು: ಸಕ್ಕರೆ ಪಾಕ, ಕೆಂಪು ಬಣ್ಣ, ಕೊನೆಗೆ ಚಿಟಿಕೆ ಕಾಫಿ ಪುಡಿ. "ಹೆತ್ತ ತಾಯಿಗೆ ಕಾಫಿ ಕೇಳಿದ್ರೆ ಪುಡಿ ಖಾಲಿ ಅಂತಾಳೆ, ಇವಳ ರಕ್ತಕ್ಕೆ ಮಾತ್ರ ಎಲ್ಲಿಂದ ಬರುತ್ತೋ" ಎಂದು ಅಮ್ಮ ಗೋಡೆಗೆ ದೂರು ಹೇಳುತ್ತಿದ್ದಳು.

ಇಷ್ಟೆಲ್ಲ ಬಾಯಿಯಿದ್ದ ಪೌಡರಕ್ಕ ಒಂದು ಮಾತಿಗೆ ಮಾತ್ರ ಬಾಲ ಮುದುರಿಕೊಂಡು ನಿಲ್ಲುತ್ತಿದ್ದಳು. ಆ ಮಾತು 'ಕಟ್'. ಕ್ಯಾಮೆರಾ ಓಡಲು ಶುರುವಾದ ಮೇಲೆ ನಿರ್ದೇಶಕ ಕಟ್ ಅನ್ನುವವರೆಗೆ ಯಾರೂ ಚೌಕಟ್ಟಿನೊಳಗೆ ಕಾಲಿಡಬಾರದು, ಕೆಮ್ಮಬಾರದು. ಕಟ್ ಅನ್ನುವ ಹಕ್ಕು ಅವನೊಬ್ಬನದೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಯಕನ ಹಣೆಯ ಬೆವರು ಕಂಡು ತಡೆಯಲಾರದೆ ಹತ್ತಿ ಹಿಡಿದು ಒಳಗೆ ನುಗ್ಗಿದ್ದಳು. ಆವತ್ತು ಬಿದ್ದ ಬೈಗುಳ ಜನ್ಮಕ್ಕೆ ಸಾಕಾಗಿತ್ತು. ಅಂದಿನಿಂದ ಕ್ಯಾಮೆರಾ ಓಡುವಾಗ ಎರಡು ಕೈ ಬಿಗಿಯಾಗಿ ಕಟ್ಟಿಕೊಂಡು ನಿಲ್ಲುವುದು ರೂಢಿಯಾಯಿತು. ಕೈ ಬಿಟ್ಟರೆ ಅವು ತಾವಾಗಿಯೇ ಬೆವರು ಒರೆಸಲು ಹೊರಡುತ್ತವೆ ಎಂದು ನಗುತ್ತಿದ್ದಳು.

ಇನ್ನು ಏಣಿಯ ವಿಷಯ. ಏಣಿ ಅನ್ನುವುದು ಒಬ್ಬ ನಟನಿಗೆ ಎಲ್ಲರೂ ಇಟ್ಟ ಹೆಸರು. ಆಳು ಅಷ್ಟು ಎತ್ತರ. ಅವನ ಮುತ್ತಜ್ಜ ಯಾವ ಕಾಲದಲ್ಲೋ ಹಡಗು ಹತ್ತಿ ಬಂದವನು. ಅಜ್ಜ, ಅಪ್ಪ, ಇವನು, ಮೂರು ತಲೆಮಾರೂ ಹುಟ್ಟಿದ್ದು ಇದೇ ಊರಿನಲ್ಲಿ. ಮಾತು ಕೇಳಿದರೆ ಪಂಡಿತರೂ ಕಿವಿ ನಿಮಿರಿಸಬೇಕು, ಅಷ್ಟು ಸ್ವಚ್ಛ. ಆದರೆ ಮಾತು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಕಡುಗಪ್ಪು ಮೈ, ಗುಂಗುರು ಕೂದಲು ನೋಡಿದ ಕೂಡಲೇ, "ಯಾವ ದೇಶ?" ಅನ್ನುತ್ತಿದ್ದರು. "ಪಕ್ಕದ ಬೀದಿ" ಅನ್ನುತ್ತಿದ್ದ ಅವನು. ಕೇಳಿದವರು ನಗುತ್ತಿದ್ದರು, ಕೆಲವರು ನಗುತ್ತಿರಲಿಲ್ಲ.

ಅವನಿಗೆ ಸಿಗುತ್ತಿದ್ದ ಪಾತ್ರಗಳೂ ಹಾಗೇ. ಒಂದೋ ಗೂಂಡಾ, ಇಲ್ಲ ಗೂಂಡಾನ ಹಿಂದೆ ನಿಲ್ಲುವವನು. "ಅಕ್ಕಾ, ಇವನನ್ನ ಇನ್ನೂ ಸ್ವಲ್ಪ ಕಪ್ಪು ಮಾಡಿ" ಎಂದು ಒಬ್ಬ ಬಂದು ಹೇಳಿದಾಗ ಪೌಡರಕ್ಕ, "ತಾರು ತರಿಸಿ, ಬಳಿದುಬಿಡ್ತೀನಿ" ಎಂದು ಕುಂಚ ಎಸೆದಿದ್ದಳು. ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಏಣಿಯ ಮೈಬಣ್ಣವೇ ಇರಲಿಲ್ಲ. ಅಷ್ಟೊಂದು ನಮೂನೆ ಮಾಡುವ ಕಂಪನಿಗಳಿಗೆ ಇಂಥ ಮನುಷ್ಯರೂ ಇದ್ದಾರೆ ಅನ್ನುವುದು ಹೊಳೆದಿರಲಿಲ್ಲವೋ ಏನೋ. ಪೌಡರಕ್ಕ ಕಂದು, ಕೆಂಪು, ತುಸು ನೀಲಿ ಕಲಸಿ ಕಲಸಿ ಕೊನೆಗೊಮ್ಮೆ ಅವನ ಬಣ್ಣ ಹಿಡಿದಳು. ಅದನ್ನೊಂದು ಪುಟ್ಟ ಡಬ್ಬಿಗೆ ತುಂಬಿ ಪೆಟ್ಟಿಗೆಯಲ್ಲಿ ಬೇರೆಯೇ ಇಟ್ಟಳು. "ಇದು ಏಣಿ ಡಬ್ಬಿ, ಯಾರೂ ಮುಟ್ಟಬೇಡಿ" ಎಂದಳು. ಅವನಿಗೆ ಕಣ್ಣು ತುಂಬಿ ಬಂತು. ಪಾಪ, ಅಷ್ಟಕ್ಕೇ ಕಣ್ಣು ತುಂಬುವಂಥ ಬದುಕು.

ಹೋದ ವರ್ಷ ನಾಟಕ ಮುಗಿಸಿ ಬಸ್ ನಿಲ್ದಾಣದಲ್ಲಿ ನಿಂತಿದ್ದ ಏಣಿಯನ್ನು ಯಾರೋ ನಾಲ್ಕು ಜನ ಹಿಡಿದು ಬಡಿದಿದ್ದರು. ಎಲ್ಲಿಂದ ಬಂದೆ, ಯಾಕೆ ನಿಂತಿದ್ದೀಯ, ಇಷ್ಟೇ ಪ್ರಶ್ನೆ, ಉತ್ತರಕ್ಕೆ ಕಾಯಲಿಲ್ಲ. ಒಂದು ಹಲ್ಲು ಹೋಯಿತು. ಠಾಣೆಗೆ ಹೋದರೆ ಅಲ್ಲಿದ್ದವನು ಮೇಲಿಂದ ಕೆಳಗೆ ನೋಡಿ, "ನಟ ಅಂತೀಯ. ಈಗ ನಟನೆ ಮಾಡ್ತಿಲ್ಲ ಅಂತ ಹೇಗೆ ನಂಬೋದು?" ಎಂದು ಕಳಿಸಿಬಿಟ್ಟ. ಹೊಡೆತಕ್ಕಿಂತ ಈ ಮಾತು ಏಣಿಯ ಒಳಗೆ ಮುಳ್ಳಾಗಿ ಮುರಿದುಕೊಂಡಿತು. ಅದನ್ನು ಒಬ್ಬ ನಿರ್ದೇಶಕನ ಹತ್ತಿರ ಹೇಳಿಕೊಂಡಾಗ ಅವನ ಕಣ್ಣು ಮಿನುಗಿತು. ಇದನ್ನೇ ಕಿರುಚಿತ್ರ ಮಾಡೋಣ, ನೀನೇ ನಿನ್ನ ಪಾತ್ರ ಮಾಡು ಎಂದ.

"ಬೇಡ ಕಣೋ, ಮಾಗಿದ ಗಾಯಾನ ಯಾಕೆ ಕೆರೀತೀಯ?" ಎಂದು ಪೌಡರಕ್ಕ ಅಂದಿದ್ದಳು.

"ಆವತ್ತು ಯಾರೂ ನೋಡ್ಲಿಲ್ಲಕ್ಕ" ಎಂದ ಏಣಿ. "ಈ ಸಲ ಎಲ್ಲರೂ ನೋಡ್ಲಿ."

ಚಿತ್ರೀಕರಣಕ್ಕೆ ಆರಿಸಿದ್ದು ಮಾರುಕಟ್ಟೆಯ ಹಿಂದಿನ ಓಣಿ. ಒಂದು ಕಡೆ ಹಣ್ಣಿನ ಪೆಟ್ಟಿಗೆಗಳ ರಾಶಿ, ಇನ್ನೊಂದು ಕಡೆ ಸೈಕಲ್ ರಿಪೇರಿ ಅಂಗಡಿ, ಮೂಲೆಯಲ್ಲಿ ಟೀ ಅಂಗಡಿ. ನಿರ್ದೇಶಕ ಯಾರ ಅನುಮತಿಯನ್ನೂ ಕೇಳಿರಲಿಲ್ಲ. "ಅನುಮತಿ ಅಂತ ಹೋದ್ರೆ ಬೀದಿಗೆ ಹಗ್ಗ ಕಟ್ಟಬೇಕು, ಜನ ಹಲ್ಲು ಕಿರಿದು ಕ್ಯಾಮೆರಾ ನೋಡ್ತಾರೆ. ನನಗೆ ನಿಜವಾದ ಮುಖ ಬೇಕು" ಎಂದಿದ್ದ. ಹಾಗಾಗಿ ಕ್ಯಾಮೆರಾ ಒಂದು ಹಳೆಯ ವ್ಯಾನಿನೊಳಗೆ ಪರದೆಯ ಹಿಂದೆ ಕೂತಿತ್ತು. ಏಣಿಯ ಅಂಗಿಯೊಳಗೆ ಸಣ್ಣ ಮೈಕು, ನಿರ್ದೇಶಕನ ಕಿವಿಗೆ ಅದರ ದನಿ.

ಓಣಿಯಲ್ಲಿ ಶೂಟಿಂಗ್ ಎಂದು ಗೊತ್ತಿದ್ದವನು ಟೀ ಅಂಗಡಿಯವನೊಬ್ಬನೇ. ಬೆಳಗ್ಗೆಯಿಂದ ಅವನ ಅಂಗಡಿಯ ಹಿಂದಿನ ಬೆಂಚೇ ಪೌಡರಕ್ಕನ ಮೇಕಪ್ ಕೋಣೆ. ನಗುಮುಖದ ಮನುಷ್ಯ. ಅಕ್ಕಾ ಅಕ್ಕಾ ಎಂದು ಬಿಸಿನೀರು ತಂದುಕೊಟ್ಟ, ಕನ್ನಡಿ ಒರಗಿಸಲು ಇಟ್ಟಿಗೆ ಹುಡುಕಿಕೊಟ್ಟ. ಹಿತ್ತಲಿನಲ್ಲಿ ಮೊದಲ ಹೊಡೆತದ ಸಣ್ಣ ದೃಶ್ಯವನ್ನು ತೆಗೆಯುವಾಗ ಬಾಗಿಲಿಗೆ ಒರಗಿ ನೋಡಿದ. ಪ್ರತಿ ಸಲ ಕಟ್ ಅಂದಾಗಲೂ ಹೊಡೆಯುವ ಪಾತ್ರದ ಮೂವರು ಫೈಟರುಗಳು ಗಕ್ಕನೆ ನಿಲ್ಲುವುದನ್ನು ಕಂಡು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಎಲ್ಲರಿಗೂ ಗಾಜಿನ ಲೋಟದಲ್ಲಿ ಟೀ ಕೊಟ್ಟವನು ಏಣಿಗೆ ಮಾತ್ರ ಕಾಗದದ ಲೋಟದಲ್ಲಿ ಕೊಟ್ಟ. ಪೌಡರಕ್ಕ ನೋಡಿದಳು. ಏಣಿ ಅವಳು ನೋಡಿದ್ದನ್ನು ನೋಡಿ, "ನಾನು ವಿಐಪಿ ಅಕ್ಕ, ನನಗೆ ಹೊಸ ಲೋಟ" ಎಂದು ಕಣ್ಣು ಹೊಡೆದ. ಬಿಸಿನೀರು ಕೊಟ್ಟವನ ಜೊತೆ ಬೆಳ್ಳಂಬೆಳಗ್ಗೆ ಯಾಕೆ ಜಗಳ ಎಂದು ಅವಳೂ ಸುಮ್ಮನಾದಳು.

ಏಣಿಯ ಎಡಹುಬ್ಬಿನ ಮೇಲೆ ಸೀಳಿದ ಗಾಯ, ಮೂಗಿನ ಎಡಹೊಳ್ಳೆಯಿಂದ ಇಳಿದ ರಕ್ತ. ಅಷ್ಟೇ ಅವಳ ಕೆಲಸ. ಬಲಗಡೆ ಏನೂ ಇಲ್ಲ. ಉಳಿದ ದೃಶ್ಯ ಹೀಗೆ: ಗಾಯಗೊಂಡ ನಟ ಓಣಿಗೆ ಓಡಿ ಬರುತ್ತಾನೆ, ಮೂವರು ಅಟ್ಟಿಸಿಕೊಂಡು ಬಂದು ಬೀಳಿಸುತ್ತಾರೆ, ಒದೆಯುತ್ತಾರೆ. ಬಿದ್ದವನು, "ಬಿಡ್ರೋ, ನಾನೂ ಇಲ್ಲಿಯವನೇ" ಅನ್ನುತ್ತಾನೆ. ಕಟ್. ಆ ಮೂವರು ಕಸುಬಿನ ಫೈಟರುಗಳು. ಅವರ ಮುಷ್ಟಿ ಕೆನ್ನೆಗೆ ಎರಡು ಬೆರಳು ದೂರ ಇರುವಾಗ ನಿಲ್ಲುತ್ತದೆ, ಕಾಲು ಪಕ್ಕದ ನೆಲಕ್ಕೆ ಬಡಿಯುತ್ತದೆ. ನೋಡುವವರಿಗೆ ಏಟು, ತಿನ್ನುವವನಿಗೆ ಗಾಳಿ ಎಂಬುದು ಅವರ ಮಾತು.

ನಿರ್ದೇಶಕ ವ್ಯಾನಿನೊಳಗಿಂದ ಸನ್ನೆ ಮಾಡಿದ. ಪೌಡರಕ್ಕ ವ್ಯಾನಿನ ಹಿಂಬಾಗಿಲ ಬಳಿ ಕೈ ಕಟ್ಟಿ ನಿಂತಳು.

ಏಣಿ ಓಡಿ ಬಂದ. ಮೂವರು ಬಿದ್ದರು ಅವನ ಮೇಲೆ. ಮೊದಲು ಸೈಕಲ್ ಅಂಗಡಿಯವನು ಪಾನಾ ಕೆಳಗಿಟ್ಟು ಎದ್ದ. ಪೆಟ್ಟಿಗೆ ಇಳಿಸುತ್ತಿದ್ದವರು ನಿಂತರು. ನಿರ್ದೇಶಕನಿಗೆ ಬೇಕಾದ ನಿಜವಾದ ಮುಖಗಳು ಒಂದೊಂದಾಗಿ ಇತ್ತ ತಿರುಗಿದವು.

"ಏನಂತೆ?"

"ಕಳ್ಳನಂತೆ."

"ಯಾರು ಹೇಳಿದ್ದು?"

"ನೋಡಿದ್ರೆ ಗೊತ್ತಾಗಲ್ವಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಏನು ಕದ್ದ, ಯಾರದು ಕದ್ದ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೈಚೀಲ ಹಿಡಿದು ಮನೆಗೆ ಹೊರಟಿದ್ದ ಒಬ್ಬ ಸಂಭಾವಿತನಂಥವನು ಚೀಲವನ್ನು ಜೋಪಾನವಾಗಿ ಗೋಡೆಗೆ ಒರಗಿಸಿಟ್ಟು, ಅಂಗಿಯ ತೋಳು ಮಡಚಿಕೊಂಡು, ಹೋಗಿ ಒಂದು ಒದ್ದ. ಆಮೇಲೆ ಇನ್ನೊಬ್ಬ. ಬೆನ್ನುಗಳು ಒತ್ತಾಗಿ ಏಣಿ ಕಾಣದಾದ.

"ಬಿಡ್ರೋ, ನಾನೂ ಇಲ್ಲಿಯವನೇ!" ಎಂಬ ಕೂಗು ಕೇಳಿಸಿತು.

ಡೈಲಾಗ್ ಬಂತಲ್ಲ, ಇನ್ನೇನು ಕಟ್ ಅನ್ನುತ್ತಾನೆ ಎಂದು ಪೌಡರಕ್ಕ ವ್ಯಾನಿನ ಕಡೆ ನೋಡಿದಳು. ನಿರ್ದೇಶಕ ಕಿವಿಯ ಮೇಲಿನ ಹೆಡ್‌ಫೋನನ್ನು ಎರಡು ಕೈಯಿಂದ ಒತ್ತಿ ಹಿಡಿದು, "ಸೂಪರ್, ಸೂಪರ್, ಜನ ಎಲ್ಲ ಎಷ್ಟು ಸಹಜವಾಗಿ ಬರ್ತಿದಾರೆ" ಎಂದು ಪಿಸುಗುಟ್ಟುತ್ತಿದ್ದ. ಅನ್ನಲಿಲ್ಲ.

"ನಾನೂ ಇಲ್ಲಿಯವನೇ ಕಣ್ರೋ! ಇಲ್ಲಿಯವನೇ!"

"ಮುಖಕ್ಕೆ ಮಸಿ ಬಳ್ಕೊಂಡಿದಾನೋ, ಇದೇ ಬಣ್ಣಾನೋ, ಉಜ್ಜಿ ನೋಡ್ರೋ" ಎಂದು ಯಾರೋ ನಕ್ಕರು. ಮತ್ತೆ ಅದೇ ಕೂಗು, ಈ ಸಲ ದನಿ ಒಡೆದಿತ್ತು. ಎಷ್ಟು ಚೆನ್ನಾಗಿ ಮಾಡುತ್ತಿದ್ದಾನೆ ನಮ್ಮ ಹುಡುಗ, ಮೈ ಜುಮ್ಮೆನ್ನುತ್ತಿದೆ ಎಂದುಕೊಂಡಳು ಪೌಡರಕ್ಕ. ಹಾಗೇ ಅಂದುಕೊಂಡಳು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆಗ ಇಬ್ಬರ ಕಾಲಿನ ನಡುವೆ ಏಣಿಯ ತಲೆ ಕಂಡಿತು. ಬಲಗೆನ್ನೆ ನೆಲಕ್ಕೆ ಒತ್ತಿತ್ತು. ಯಾರದೋ ಕೈ ಕೂದಲು ಹಿಡಿದು ಆ ಕೆನ್ನೆಯನ್ನು ಕಲ್ಲಿಗೆ ತೇಯುತ್ತಿತ್ತು. ತಲೆ ಎತ್ತಿದಾಗ ಬಲಗಿವಿಯ ಹಿಂದಿನಿಂದ ಕೆಂಪು ಇಳಿದು ಅಂಗಿಯ ಕೊರಳು ತೋಯ್ದಿತ್ತು.

ಅವಳಿಗೆ ಮೊದಲು ಹೊಳೆದದ್ದು ಏನು ಗೊತ್ತೇ? ಅಯ್ಯೋ, ನನ್ನ ಬಣ್ಣ ಬೆವರಿಗೆ ಹರಿದು ಬಲಕ್ಕೆ ಹೋಯಿತಲ್ಲ, ಮುಂದಿನ ದೃಶ್ಯಕ್ಕೆ ಹೊಂದುವುದಿಲ್ಲವಲ್ಲ! ಕಸುಬು ಮನುಷ್ಯರನ್ನು ಹೀಗೂ ಕೆಡಿಸುತ್ತದೆ. ಮರುಕ್ಷಣ ಆ ಕೊರಳಪಟ್ಟಿಯನ್ನು ದಿಟ್ಟಿಸಿದಳು. ಪಾಕದ ರಕ್ತ ಹಾಗೆ ಬಟ್ಟೆಗೆ ಹೀರಿಕೊಳ್ಳುವುದಿಲ್ಲ, ಮೇಲೆಯೇ ಮಿಣ್ಣಗೆ ನಿಲ್ಲುತ್ತದೆ. ಇದು ತಾನು ಹಚ್ಚಿದ್ದಲ್ಲ.

ಕಟ್ಟಿದ ಕೈ ಬಿಟ್ಟಿತು. ಬಾಯಿ ತೆರೆದರೆ ದನಿಯೇ ಬರಲಿಲ್ಲ. ಇಷ್ಟು ವರ್ಷ ನುಂಗಿಕೊಂಡ ಮಾತು, ಅದು ತನ್ನದಲ್ಲದ ಮಾತು. ನಿರ್ದೇಶಕನನ್ನು ನೋಡಿದಳು, ಅವನು ಇನ್ನೂ ಕ್ಯಾಮೆರಾದ ಪರದೆಯನ್ನೇ ನೋಡುತ್ತಿದ್ದ. ಆಗ ಬಂತು ನೋಡಿ, ಓಣಿಯ ಆ ಕೊನೆಗೆ ಮುಟ್ಟುವ ಹಾಗೆ.

"ಕಟ್! ಕಟ್! ಕಟ್ ಅಂದ್ನಲ್ರೋ, ನಿಲ್ಲಿಸ್ರೋ!"

ಮೂವರು ಫೈಟರುಗಳು ಎತ್ತಿದ ಕೈ ಎತ್ತಿದ ಹಾಗೇ ಗಕ್ಕನೆ ನಿಂತರು. ಒಬ್ಬನಂತೂ ಅಭ್ಯಾಸಬಲದಿಂದ ಬಿದ್ದವನನ್ನು ಎತ್ತಲು ಕೈ ಚಾಚಿದ. ಕಟ್ ಅಂದ ಮೇಲೆ ಹಾಗೆ ಕೈ ಕೊಡುವುದು ಅವರ ಮರ್ಯಾದೆ. ಚಾಚಿದ ಆ ಕೈಯನ್ನು ತಳ್ಳಿಕೊಂಡು ಇನ್ನೊಬ್ಬನ ಕಾಲು ಏಣಿಯ ಪಕ್ಕೆಗೆ ಬಿತ್ತು. ಉಳಿದವರು ನಿಲ್ಲಲಿಲ್ಲ. ಆ ಕಾಲು ಯಾರದೆಂದು ಪೌಡರಕ್ಕ ನೋಡಿದಳು. ಟೀ ಅಂಗಡಿಯವನದು.

ಮುಂದೆ ಏನು ಮಾಡುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಕಾಲ ಬಳಿಯಿದ್ದ ಬಣ್ಣದ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದು ಪೌಡರಿನ ದೊಡ್ಡ ಡಬ್ಬ. ಮುಚ್ಚಳ ಕಿತ್ತು, ಚೌಕಟ್ಟಿನೊಳಗೆ ನುಗ್ಗಿ, ಆ ಮುಖಗಳ ಮೇಲೆ ಇಡೀ ಡಬ್ಬ ಬೀಸಿದಳು. ಓಣಿ ಬೆಳ್ಳಗಾಯಿತು. ಕೆಮ್ಮು, ಬೈಗುಳ, ಕಣ್ಣುಜ್ಜುವುದು. ಆ ಗದ್ದಲದಲ್ಲಿ ಅವಳು ಏಣಿಯ ಮೇಲೆ ಬೋರಲಾಗಿ ಬಿದ್ದುಕೊಂಡಳು. ಬೆನ್ನಿಗೆ ಒಂದು ಏಟು ಬಿತ್ತು. ಆಮೇಲೆ ಸೀಟಿಯ ಸದ್ದು ಕೇಳಿತು. ಪೊಲೀಸರು ಬಂದಾಗ ಕೈಚೀಲದವನು ಚೀಲ ಹಿಡಿದು ಯಾವಾಗಲೋ ಮನೆ ಸೇರಿದ್ದ. ಮುಖ ಬೆಳ್ಳಗಾದವರು ಮಾತ್ರ ಸುಲಭವಾಗಿ ಸಿಕ್ಕಿಬಿದ್ದರು.

ಠಾಣೆಯ ಉದ್ದ ಬೆಂಚಿನ ಈ ತುದಿಗೆ ಏಣಿ, ಆ ತುದಿಗೆ ಟೀ ಅಂಗಡಿಯವನು ಮತ್ತು ಸೈಕಲ್ ಅಂಗಡಿಯವನು. ಇನ್ಸ್‌ಪೆಕ್ಟರು ಯಾರನ್ನೂ ಆಸ್ಪತ್ರೆಗೆ ಕಳಿಸಿರಲಿಲ್ಲ. "ಮೊದಲು ಯಾವುದು ಗಾಯ, ಯಾವುದು ಪೇಂಟು ಅಂತ ಗೊತ್ತಾಗ್ಲಿ. ಸಕ್ಕರೆ ಪಾಕಕ್ಕೆ ಹೊಲಿಗೆ ಹಾಕ್ಸೋಕೆ ಕಳಿಸಿ ನಾನು ನಗೆಪಾಟಲಾಗಲಾ?" ಎಂದ. ಏಣಿ ಊದಿದ ತುಟಿ ಎತ್ತಿ, "ಹೊಡೆದ್ರು ಸಾರ್" ಎಂದ. ಇನ್ಸ್‌ಪೆಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀನು ನಟ ಅಲ್ವೇನಯ್ಯಾ?" ಎಂದ. ಏಣಿಯ ತಲೆ ಕೆಳಗಾಯಿತು.

ನಿರ್ದೇಶಕ ಪೌಡರಕ್ಕನನ್ನು ಬಾಗಿಲಾಚೆ ಕರೆದ. ಬೆವೆತು ನೀರಾಗಿದ್ದ.

"ಅಕ್ಕಾ, ಒಂದು ಉಪಕಾರ ಮಾಡಿ. ಅನುಮತಿ ಇಲ್ಲದೆ ಶೂಟಿಂಗ್ ಮಾಡಿದೀವಿ. ಯಾರಿಗಾದ್ರೂ ನಿಜವಾಗ್ಲೂ ಪೆಟ್ಟಾಗಿದೆ ಅಂದ್ರೆ ನಾನು ಒಳಗೆ, ಚಿತ್ರ ಮೂಲೆಗೆ. ಎಲ್ಲಾ ಮೇಕಪ್ಪು ಅಂತ ಹೇಳಿಬಿಡಿ. ಅವನ ಚಿಕಿತ್ಸೆ ನಾನು ಮಾಡಿಸ್ತೀನಿ, ಗುಟ್ಟಾಗಿ."

"ಸುಳ್ಳು ಹೇಳು ಅಂತೀರಾ?"

"ಸುಳ್ಳೇನು ಬಂತು? ಎಡಗಡೇದು ನಿಮ್ದೇ ತಾನೇ? ಬಲಗಡೇದೂ ನಂದೇ ಅಂದ್ರೆ ಮುಗೀತು. ಈ ಚಿತ್ರ ಅವನಿಗೋಸ್ಕರಾನೇ ಅಲ್ವಾ ಅಕ್ಕ? ನಾಳೆ ಸಾವಿರ ಜನ ನೋಡ್ತಾರೆ." ಸ್ವಲ್ಪ ತಡೆದು ದನಿ ತಗ್ಗಿಸಿದ. "ನೀವು ಕಟ್ ಅಂದಿದ್ದು ಆಗ್ಲೇ ಎಲ್ಲಾ ಕಡೆ ಹಬ್ಬಿದೆ. ನಾನು ಸಮರ್ಥಿಸಿಕೊಳ್ಳದೇ ಹೋದ್ರೆ ಇನ್ಯಾರೂ ನಿಮ್ಮನ್ನ ಕರೆಯಲ್ಲ."

ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎಂದರೆ ಇದೇ. ಅವನು ಹೇಳಿದ್ದು ಬರೀ ಬೆದರಿಕೆಯಲ್ಲ ಎಂದು ಪೌಡರಕ್ಕನಿಗೆ ಗೊತ್ತಿತ್ತು. ಈ ಕೆಲಸ ಬಿಟ್ಟರೆ ಅವಳಿಗೆ ಇನ್ನೊಂದು ಬಾರದು. ಮೂರನೇ ಮಹಡಿಯ ಮನೆ, ಮಂಡಿ ನೋವಿನ ಅಮ್ಮ, ಒಲೆ, ಎಲ್ಲ ಕಣ್ಣ ಮುಂದೆ ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅಮ್ಮ ಯಾವಾಗಲೂ ಅನ್ನುತ್ತಿದ್ದಳು. ಪ್ರಮಾಣಿಸುವವಳೇ ಸುಳ್ಳಾಡಿದರೆ ಏಣಿ ಎಲ್ಲಿಗೆ ಹೋಗಬೇಕು? ಅವಳು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.

"ಏನಮ್ಮಾ, ಮೇಕಪ್ ಮಾಡಿದ್ದು ನೀವೇನಾ?" ಎಂದ ಇನ್ಸ್‌ಪೆಕ್ಟರು. "ಇದು ನಿಮ್ಮ ಕೆಲಸಾನಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ."

"ಒಂದು ಮಾತಲ್ಲಿ ಆಗಲ್ಲ ಸಾರ್. ಹತ್ತಿ ಬೇಕು."

ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ತೆರೆದಳು. ಎಣ್ಣೆಯ ಶೀಸೆ, ಹತ್ತಿ, ಬೆಚ್ಚಗಿನ ನೀರು ಕೇಳಿ ಪಡೆದಳು. "ಗದ್ದ ಎತ್ತು" ಎಂದಳು. ಏಣಿ ಎಂದಿನಂತೆ ಎತ್ತಿದ. ಎಡಹುಬ್ಬಿನ ಮೇಣಕ್ಕೆ ಎಣ್ಣೆ ಸವರಿ ಉಗುರಿನಿಂದ ಎಬ್ಬಿಸಿದಳು. ಭೀಕರವಾಗಿದ್ದ ಸೀಳು ಇಡಿಯಾಗಿ ಕಿತ್ತು ಅವಳ ಅಂಗೈಗೆ ಬಂತು. ಕೆಳಗೆ ನುಣುಪಾದ ಹಣೆ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಕಿಸಕ್ಕೆಂದ. ಟೀ ಅಂಗಡಿಯವನಿಗೂ ಧೈರ್ಯ ಬಂತು. "ನಾ ಹೇಳ್ಲಿಲ್ವಾ ಸಾರ್, ಎಲ್ಲಾ ಬಣ್ಣ!"

"ಇದು ನಂದು" ಎಂದಳು ಪೌಡರಕ್ಕ. ಮೂಗಿನ ಕೆಳಗಿನದನ್ನು ಒರೆಸಿದಳು, ಹತ್ತಿ ಗುಲಾಬಿಯಾಯಿತು. "ಇದೂ ನಂದು."

ಹೊಸ ಹತ್ತಿ ತೆಗೆದು ನೀರಲ್ಲಿ ಅದ್ದಿ ಬಲಕ್ಕೆ ತಿರುಗಿದಳು. ಮುಟ್ಟಿದ ಕೂಡಲೇ ಏಣಿ ಹಲ್ಲು ಕಚ್ಚಿ ಬೆಂಚು ಹಿಡಿದುಕೊಂಡ. ಕೆನ್ನೆಯ ಮೇಲಿನ ಮಣ್ಣು ಹೋಯಿತು, ಪೌಡರು ಹೋಯಿತು, ಹೆಪ್ಪುಗಟ್ಟಿದ್ದು ಸ್ವಲ್ಪ ಹೋಯಿತು. ಗಾಯ ಹೋಗಲಿಲ್ಲ. ಕಿವಿಯ ಹಿಂದೆ ಚರ್ಮ ಬಾಯಿ ಬಿಟ್ಟಿತ್ತು. ಒರೆಸಿದಷ್ಟೂ ಒಳಗಿಂದ ಹೊಸದು ಬರುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಈ ಮನುಷ್ಯನ ಹುಣ್ಣಿಗೆ ಮಾತ್ರ ಕನ್ನಡಿ, ಹತ್ತಿ, ಸಾಕ್ಷಿ ಎಲ್ಲ ಬೇಕಾಯಿತು.

"ಇದು ನಂದಲ್ಲ ಸಾರ್" ಎಂದಳು. "ಬೇಕಾದ್ರೆ ನೀವೇ ಒರೆಸಿ ನೋಡಿ."

ಕಾನ್‌ಸ್ಟೇಬಲಿನ ನಗು ನಿಂತಿತು. ಇನ್ಸ್‌ಪೆಕ್ಟರು ಕುರ್ಚಿ ಹಿಂದೆ ತಳ್ಳಿ ಎದ್ದು ಬಂದು ಬಗ್ಗಿ ನೋಡಿದ. ಗಂಟಲು ಸರಿಮಾಡಿಕೊಂಡ. "ಗಾಡಿ ತೆಗೀರಿ, ಆಸ್ಪತ್ರೆಗೆ" ಎಂದು ಕೂಗಿದ. ಮತ್ತೆ ಬೆಂಚಿನ ಆ ತುದಿಗೆ ತಿರುಗಿದ.

"ನಮಗೇನು ಗೊತ್ತು ಸಾರ್!" ಟೀ ಅಂಗಡಿಯವನು ಎದ್ದು ನಿಂತ. ಅವನ ರೆಪ್ಪೆಯ ಮೇಲೆ ಇನ್ನೂ ಪೌಡರಿತ್ತು. "ಶೂಟಿಂಗ್ ಅಂದ್ಕೊಂಡ್ವಿ. ನಾವೂ ಒಂದು ಪಾತ್ರ ಅಂದ್ಕೊಂಡು ತಮಾಷೆಗೆ ಕಾಲು ಆಡಿಸಿದ್ವಿ. ನೀವೇ ಹೇಳಿ ಅಕ್ಕಾ, ಬೆಳಗ್ಗೆ ನಿಮಗೆ ಬಿಸಿನೀರು ಕೊಟ್ಟಿದ್ದು ಯಾರು?"

"ನೀನೇ ಕೊಟ್ಟೆ, ಇಲ್ಲ ಅನ್ನಲ್ಲ" ಎಂದಳು ಪೌಡರಕ್ಕ. "ಕಟ್ ಅಂದ್ರೆ ಏನು ಅಂತ ಬೆಳಗ್ಗೆಯಿಂದ ನೋಡಿದ್ಯಲ್ಲಪ್ಪ. ಕಟ್ ಅಂದಿದ್ದು ಕೇಳಿಸ್ತೋ ಇಲ್ವೋ?"

"ಕೇಳಿಸ್ತು. ಆದ್ರೆ ಅದು ಡೈರೆಕ್ಟರು ಅಂದಿದ್ದಲ್ವಲ್ಲಾ? ನೀವು ತಾನೇ ಕಿರುಚಿದ್ದು?"

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ಪಕ್ಕದಲ್ಲಿದ್ದ ಸೈಕಲ್ ಅಂಗಡಿಯವನು ಸ್ವಲ್ಪ ದೂರ ಸರಿದು ಕೂತ. ಬಾಗಿಲಾಚೆ ನಿಂತ ನಿರ್ದೇಶಕ ಗೋಡೆ ನೋಡುತ್ತಿದ್ದ.

ಇನ್ಸ್‌ಪೆಕ್ಟರು ಕಾಗದ ಎಳೆದುಕೊಂಡು ಬರೆಯತೊಡಗಿದ. ಪೌಡರಕ್ಕ ಹೇಳುತ್ತ ಹೋದಳು: ಕಟ್ ಅಂದಾಗ ಯಾರು ನಿಂತರು, ಯಾರು ನಿಲ್ಲಲಿಲ್ಲ, ಕಾಲು ಯಾರದು, ಕೆನ್ನೆ ತೇಯ್ದ ಕೈ ಯಾವ ಕಡೆಯಿಂದ ಬಂತು. ಹೇಳುತ್ತ ಹೇಳುತ್ತ ಅವಳ ಎದೆ ಹಗುರಾಯಿತು. ಕೆಲಸ ಹೋದರೆ ಹೋಗಲಿ, ತಾನು ಮಾಡಬೇಕಾದ್ದನ್ನು ಮಾಡಿದೆ ಎಂಬ ಒಂದು ಸಣ್ಣ ಹೆಮ್ಮೆಯೂ ಬಂತು. ಗಾಡಿ ಬರುವವರೆಗೆ ಎಂದು ಶುಭ್ರ ಹತ್ತಿಯನ್ನು ಏಣಿಯ ಕಿವಿಯ ಹಿಂದೆ ಒತ್ತಿ ಹಿಡಿದು ಪಕ್ಕದಲ್ಲಿ ಕೂತಳು. ಒಂದು ಒಳ್ಳೆಯ ಮಾತು ಬರಬಹುದೆಂದು ಕಾದಳೆಂದರೂ ತಪ್ಪಲ್ಲ.

"ಅಕ್ಕಾ" ಎಂದ ಏಣಿ. ಮಾತು ಕಷ್ಟಪಟ್ಟು ಹೊರಡುತ್ತಿತ್ತು. "ನೀವು ಸ್ಕ್ರಿಪ್ಟ್ ಓದಿದ್ರಿ ತಾನೇ?"

"ಓದಿದ್ನಲ್ಲೋ."

"ನಾನೂ ಇಲ್ಲಿಯವನೇ ಅನ್ನೋದು ಅದರಲ್ಲಿ ಒಂದೇ ಸಲ ಇತ್ತು."

ಪೌಡರಕ್ಕನ ಕೈ ಹತ್ತಿಯ ಮೇಲೆ ಹಾಗೇ ನಿಂತಿತು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಗದ್ದಲದಲ್ಲಿ ಕೇಳಿಸಲಿಲ್ಲ ಎಂದರೆ ಅವನು ನಂಬುತ್ತಿದ್ದ.

"ಕೇಳಿಸ್ತು ಕಣೋ" ಎಂದಳು. "ಎರಡನೇ ಸಲದ್ದೂ ಕೇಳಿಸ್ತು, ಆಮೇಲಿನದ್ದೂ ಕೇಳಿಸ್ತು. ಎಷ್ಟು ಚೆನ್ನಾಗಿ ಮಾಡ್ತಿದೀಯ ಅಂದ್ಕೊಂಡು ಕೈ ಕಟ್ಟಿ ನಿಂತಿದ್ದೆ."

ಹತ್ತಿಯನ್ನು ಒತ್ತಿ ಹಿಡಿದ ಅವಳ ಕೈಯನ್ನು ಏಣಿ ದೂಡಲಿಲ್ಲ.

"ಹಾಗಾದ್ರೆ ಅದನ್ನೂ ಬರೆಸಿ" ಎಂದ.

ಹೊರಗೆ ಗಾಡಿ ಬಂದು ನಿಂತಿತು. ಇನ್ಸ್‌ಪೆಕ್ಟರು ಬರೆದದ್ದರ ಕೆಳಗೆ ಗೆರೆ ಎಳೆದು ಪೆನ್ನಿನ ಮುಚ್ಚಳ ಹುಡುಕುತ್ತಿದ್ದ.

"ಸಾರ್, ಪೆನ್ನು ಮುಚ್ಚಬೇಡಿ" ಎಂದಳು ಪೌಡರಕ್ಕ. "ಇನ್ನೊಂದಿದೆ. ಇದು ನಂದು."